ಕಾಡಿಗೆಯಪ್ಪನ ಹಳೆಯದು, ಹೊಸದು

ನಮ್ಮ ಮನೆಯಲ್ಲಿ ಯಾರೂ ಚೂಪು ಮಾಡಕೂಡದ ಒಂದು ಪೆನ್ಸಿಲ್ ಇದೆ. ಕೆಂಪು ಕಪ್ಪು ಪಟ್ಟೆಯ, ಆರು ಮೂಲೆಯ ಪೆನ್ಸಿಲ್ಲು. ಹಿಂದಿನ ತುದಿಯಲ್ಲಿ ನನ್ನ ಹಲ್ಲಿನ ಗುರುತುಗಳಿವೆ. ಅವು ಪಿಯುಸಿ ಕಾಲದವು. ಆ ಹಲ್ಲುಗಳಲ್ಲಿ ಕೆಲವು ಈಗ ನನ್ನ ಬಾಯಲ್ಲಿಲ್ಲ, ಪೆನ್ಸಿಲ್ಲಿನ ಮೇಲೆ ಮಾತ್ರ ಉಳಿದುಕೊಂಡಿವೆ. ಮೊನ್ನೆ ನನ್ನ ಹೆಂಡತಿ ಪುಷ್ಪ ಯಾವುದೋ ಫೋನ್ ನಂಬರು ಬರೆದುಕೊಳ್ಳಲು ಏನೂ ಸಿಗದೆ ಇದನ್ನೇ ಕೈಗೆತ್ತಿಕೊಂಡು, ಇನ್ನೊಂದು ಕೈಯಲ್ಲಿ ಮೆಂಡರ್ ಹಿಡಿದು ನಿಂತಿದ್ದಳು. ನಾನು ಬಚ್ಚಲಿನಿಂದ ಟವೆಲ್ಲಿನಲ್ಲೇ ಓಡಿಬಂದೆ.

“ಅದು ಬರೆಯೋ ಪೆನ್ಸಿಲ್ ಅಲ್ಲ ಕಣೇ!”

“ಮತ್ತೇನು, ತಿನ್ನೋ ಪೆನ್ಸಿಲ್ಲಾ?” ಎಂದು ಅವಳು ಹಲ್ಲಿನ ಗುರುತು ನೋಡುತ್ತಾ ಕೇಳಿದಳು.

ನೀವು ನನ್ನ ವಯಸ್ಸಿನವರಾಗಿದ್ದರೆ ವಿಷಯ ಆಗಲೇ ಗೊತ್ತಾಗಿರುತ್ತದೆ. ಗೊತ್ತಾಗದವರಿಗೆ ಹೇಳುತ್ತೇನೆ. ಅದು ಕ್ಯಾಸೆಟ್ ಸುತ್ತುವ ಪೆನ್ಸಿಲ್ಲು. ಟೇಪ್ ರೆಕಾರ್ಡರಿನಲ್ಲೇ ಹಿಂದಕ್ಕೆ ಓಡಿಸಿದರೆ ಸೆಲ್ಲು ಮುಗಿಯುತ್ತಿತ್ತು, ಸೆಲ್ಲಿಗೆ ಅಪ್ಪನನ್ನು ಕೇಳಬೇಕಿತ್ತು, ಅಪ್ಪ ಮಾರ್ಕ್ಸ್ ಕಾರ್ಡು ಕೇಳುತ್ತಿದ್ದರು. ಅದಕ್ಕೇ ಪೆನ್ಸಿಲ್ಲನ್ನು ಕ್ಯಾಸೆಟ್ಟಿನ ತೂತಿಗೆ ತೂರಿಸಿ ಗಿರಗಿರನೆ ತಿರುಗಿಸುತ್ತಿದ್ದೆವು. ದುಂಡನೆಯ ಪೆನ್ಸಿಲ್ಲು ಜಾರುತ್ತದೆ, ಆರು ಮೂಲೆಯದು ತೂತಿನೊಳಗಿನ ಹಲ್ಲಿಗೆ ಸರಿಯಾಗಿ ಕೂರುತ್ತದೆ. ವಿಜ್ಞಾನದ ಮೇಷ್ಟ್ರಾಗಿ ನಾನು ಜೀವನದಲ್ಲಿ ಸ್ವಂತವಾಗಿ ಕಂಡುಹಿಡಿದ ಸತ್ಯ ಇದೊಂದೇ.

ಹೀಗೆ ಸುತ್ತಿ ಸುತ್ತಿ ಕೇಳಿದ ಕ್ಯಾಸೆಟ್ಟು ಯಾರದು ಅಂದರೆ, ನೀವು ನಗಬಾರದು, ಮುಖಕ್ಕೆ ಸುಣ್ಣದಂಥ ಬಿಳಿ, ಕಣ್ಣಿನ ಸುತ್ತ ಇದ್ದಿಲಿನಂಥ ಕಪ್ಪು ಬಳಿದುಕೊಂಡು, ಪಾಪದ ಜನರನ್ನು ಹೆದರಿಸುವುದಕ್ಕೆಂದೇ ಹಾಡುತ್ತಿದ್ದ ಒಬ್ಬ ವಿದೇಶಿ ರಾಕ್ ಗಾಯಕನದು. ಅವನಿಗೊಂದು ಇಂಗ್ಲಿಷ್ ಹೆಸರಿದೆ. ಅರಸೀಕೆರೆಯ ನಮ್ಮ ಮಟ್ಟಿಗೆ ಅವನು ಕಾಡಿಗೆಯಪ್ಪ.

ಆ ಹೆಸರಿಟ್ಟದ್ದು ನನ್ನ ಗೆಳೆಯ ಮಲ್ಲೇಶನ ಅಜ್ಜಿ. ಮಲ್ಲೇಶನದು ತೆಂಗಿನ ತೋಟ, ಕೊಬ್ಬರಿ ವ್ಯಾಪಾರದ ಮನೆತನ. ನಾವು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಅವನ ಅಪ್ಪ ಹಳೇಬೀಡಿನ ನೆಂಟರ ಮನೆಗೆ ಟ್ರ್ಯಾಕ್ಟರಿನಲ್ಲಿ ಹೊರಟಿದ್ದರು. ಬಸ್ಸು ತಪ್ಪಿಸಿಕೊಂಡ ಒಬ್ಬ ಬಿಳಿಯ ಹುಡುಗ ಸ್ಟೇಷನ್ ಹತ್ತಿರ ದೇವಸ್ಥಾನದ ಚಿತ್ರ ತೋರಿಸುತ್ತಾ ನಿಂತಿದ್ದ. ಅಪ್ಪ ಅವನನ್ನೂ ಹತ್ತಿಸಿಕೊಂಡರು. ಹಿಂದೆ ಟ್ರೈಲರಿನಲ್ಲಿ ತೆಂಗಿನಕಾಯಿ ಮೂಟೆಗಳ ಮೇಲೆ ನಾನು, ಮಲ್ಲೇಶ, ಅವನು. ಅವನ ತಲೆಯ ಮೇಲೊಂದು ಕಬ್ಬಿಣದ ಪಟ್ಟಿ, ಎರಡೂ ಕಿವಿಗೆ ಸ್ಪಂಜು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದನ್ನು ಕಂಡು ಅವನು ಅದನ್ನು ತೆಗೆದು ಮಲ್ಲೇಶನ ಕಿವಿಗೆ ಹಾಕಿದ. ಮಲ್ಲೇಶ ಕಿಟಾರನೆ ಕಿರುಚಿ, ಮೂಟೆಯ ಮೇಲಿಂದ ಉರುಳಿ, ಟ್ರೈಲರಿನ ಅಂಚು ಹಿಡಿದು ನೇತಾಡಿದ. ಅಪ್ಪ ಟ್ರ್ಯಾಕ್ಟರು ನಿಲ್ಲಿಸಿ ಯಾರಿಗೂ ಭೇದವೆಣಿಸದೆ ಮೂವರನ್ನೂ ಬೈದರು. ಹಳೇಬೀಡಿನಲ್ಲಿ ಇಳಿಯುವಾಗ ಆ ಹುಡುಗ ಕ್ಯಾಸೆಟ್ಟನ್ನು ಮಲ್ಲೇಶನ ಕೈಗಿಟ್ಟು ಕೈಮುಗಿದು ಹೋದ.

ಮನೆಗೆ ಬಂದಾಗ ಅಜ್ಜಿ ಕ್ಯಾಸೆಟ್ಟಿನ ಮೇಲಿನ ಚಿತ್ರ ನೋಡಿದರು. “ಯಾರ್ಲಾ ಇವ್ನು? ಹಸುಗೂಸಿಗೂ ಇಷ್ಟು ಕಾಡಿಗೆ ಹಚ್ಚಲ್ವಲ್ಲೋ!” ಎಂದರು. ಅಲ್ಲಿಗೆ ನಾಮಕರಣವಾಯಿತು. ಮುಂದೆ ಮಲ್ಲೇಶ ಬೆಂಗಳೂರಿನ ಫುಟ್‌ಪಾತಿನಿಂದ ಕಾಡಿಗೆಯಪ್ಪನ ಆಳೆತ್ತರದ ಪೋಸ್ಟರೊಂದನ್ನು ತಂದು ಕೋಣೆಯಲ್ಲಿ ಅಂಟಿಸಿದ. ಬೇಸಿಗೆ ರಜೆಗೆ ನೆಂಟರ ಮನೆಗೆ ಹೋಗಿ ವಾಪಸು ಬರುವಷ್ಟರಲ್ಲಿ ಪೋಸ್ಟರು ಮಾಯ. ಹುಡುಕಿದರೆ ತೋಟದ ಬಾಗಿಲಲ್ಲಿ ಎರಡು ಗಳುಗಳ ನಡುವೆ ಬಿಗಿಯಾಗಿ ಕಟ್ಟಿಸಿಕೊಂಡು, ಕೊರಳಿಗೆ ಹಳೆಯ ಚಪ್ಪಲಿ ಹಾಕಿಕೊಂಡು ನಿಂತಿದ್ದ. ಅಜ್ಜಿ ದೃಷ್ಟಿಬೊಂಬೆ ಮಾಡಿಬಿಟ್ಟಿದ್ದರು. ಆ ವರ್ಷ ಫಸಲು ಚೆನ್ನಾಗಿ ಬಂತೆಂದು ಮಲ್ಲೇಶ ಇವತ್ತಿಗೂ ಹೇಳುತ್ತಾನೆ.

ಕ್ಯಾಸೆಟ್ಟು ಇದ್ದದ್ದು ಒಂದು, ಕೇಳುವವರು ಇಬ್ಬರು. ನಾನು ಸ್ಟೇಷನ್ ರಸ್ತೆಯ ಕ್ಯಾಸೆಟ್ ಅಂಗಡಿಯಲ್ಲಿ ಒಂದು ಪ್ರತಿ ತುಂಬಿಸಿಕೊಂಡೆ. ಆ ಅಂಗಡಿಯವರಿಗೊಂದು ಪದ್ಧತಿಯಿತ್ತು: ಟೇಪಿನ ಕೊನೆಯಲ್ಲಿ ಜಾಗ ಉಳಿದರೆ ಖಾಲಿ ಬಿಡುತ್ತಿರಲಿಲ್ಲ. “ಖಾಲಿ ಕೊಡಬಾರ್ದು ಕಣಪ್ಪಾ, ಒಳ್ಳೇದಲ್ಲ” ಎಂದು ಏನಾದರೂ ಮಂಗಳಕರವಾದದ್ದನ್ನು ತುಂಬಿಸಿ ಕೊಡುತ್ತಿದ್ದರು. ನನ್ನ ಕಾಡಿಗೆಯಪ್ಪ ಕೊನೆಯ ಹಾಡಿನಲ್ಲಿ ಸತ್ತು, ಹೂಳಿಸಿಕೊಂಡು, ಮಣ್ಣಿನೊಳಗಿಂದ ನರಳಿದ ಮೇಲೆ, ಇದ್ದಕ್ಕಿದ್ದಂತೆ ಗಟ್ಟಿಮೇಳದ ನಾಗಸ್ವರ ಕೇಳುತ್ತಿತ್ತು. ನಾನು ಅದೂ ಅವನದೇ ಎಂದು ತಿಳಿದೆ. ಸಾವಿನ ಬಳಿಕ ಮದುವೆ, ಎಂಥ ಗಹನವಾದ ಕಲ್ಪನೆ! ಆಮೇಲೆ ಓದಲು ಹೋದ ಹಾಸನದ ಹಾಸ್ಟೆಲಿನಲ್ಲಿ ಈ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡಿದ್ದೇನೆ. ಮೂಲ ಕ್ಯಾಸೆಟ್ಟಿದ್ದ ಮಲ್ಲೇಶ ನಾಗಸ್ವರವೇ ಇಲ್ಲವೆಂದ. ನಾನು ಅವನಿಗೆ ಸಂಗೀತ ಜ್ಞಾನವಿಲ್ಲವೆಂದೆ. ನಮ್ಮಿಬ್ಬರ ಮೊದಲ ಜಗಳ ಅದು. ಅಲ್ಲಿಂದ ಶುರುವಾದದ್ದು ನಿಂತಿಲ್ಲ.

ನಿಲ್ಲುವುದಾದರೂ ಹೇಗೆ? ಈ ಸೀಮೆಯಲ್ಲಿ ಹುಟ್ಟಿದವರಿಗೆ ಮೊದಲಿನದು ಮೇಲೋ ಆಮೇಲಿನದು ಮೇಲೋ ಎಂಬ ಜಗಳ ರಕ್ತದಲ್ಲೇ ಬಂದದ್ದು. ಯಾವ ಊರಿನ ನೆಂಟರು ಬಂದರೂ ಬೇಲೂರು, ಹಳೇಬೀಡು ಎರಡನ್ನೂ ತೋರಿಸಬೇಕು. ಎರಡನ್ನೂ ನೋಡಿದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸೌತೆಕಾಯಿ ತಿನ್ನುತ್ತಾ ಅವರು ಕೇಳಿಯೇ ಕೇಳುತ್ತಾರೆ, “ಎರಡರಲ್ಲಿ ಯಾವುದು ಚೆನ್ನಾಗಿದೆ?” ನಾವು ಒಂದು ಹೇಳುತ್ತೇವೆ, ಪಕ್ಕದಲ್ಲಿ ನಿಂತವರು ಇನ್ನೊಂದು ಹೇಳುತ್ತಾರೆ, ನೆಂಟರ ಬಸ್ಸು ಹೊರಟುಹೋಗುತ್ತದೆ.

ನಮ್ಮ ಜಗಳಕ್ಕೆ ಮೂರನೆಯವನಾಗಿ ಬಂದು ಸೇರಿದವನು ಗೆಂಡೆಹಳ್ಳಿಯ ಪುಟ್ಟರಾಜು. ಭತ್ತ, ಶುಂಠಿ ಬೆಳೆಯುವ ಮನುಷ್ಯ. ಹಾಸ್ಟೆಲಿನಲ್ಲಿ ನನ್ನ ಭಾಷಣ ಕೇಳಿ ಹಾಳಾದವರಲ್ಲಿ ಉಳಿದುಕೊಂಡವನು ಅವನೊಬ್ಬನೇ. ಕಾಡಿಗೆಯಪ್ಪ ನಡುವಯಸ್ಸಿನಲ್ಲಿ, ಹೆಂಡತಿ ಬಿಟ್ಟುಹೋಗಿ, ಮುಖ ತೊಳೆದುಕೊಂಡು, ಬರಿಯ ಪಿಯಾನೋ ಇಟ್ಟುಕೊಂಡು ಮಾಡಿದ ಒಂದೇ ಒಂದು ಆಲ್ಬಮ್ಮನ್ನು ಪುಟ್ಟರಾಜು ಮೆಚ್ಚುತ್ತಾನೆ. ಅದನ್ನು ಪ್ರಪಂಚದಲ್ಲಿ ಇನ್ಯಾರೂ ಮೆಚ್ಚಿಲ್ಲ. ಕಾಡಿಗೆಯಪ್ಪನೇ ಆಮೇಲೆ ಅದನ್ನು ಮರೆತುಬಿಡಿ ಎಂದನಂತೆ. ಪುಟ್ಟರಾಜು ಮರೆತಿಲ್ಲ.

ತಿಂಗಳಿಗೊಂದು ಭಾನುವಾರ ಮೂವರೂ ಸೇರುತ್ತೇವೆ. ಒಮ್ಮೆ ಬೇಲೂರಿನ ಹೋಟೆಲಿನಲ್ಲಿ, ಒಮ್ಮೆ ಅರಸೀಕೆರೆಯಲ್ಲಿ ಮಲ್ಲೇಶನ ಕೊಬ್ಬರಿ ಮನೆಯಲ್ಲಿ. ನಾನು ಮೊದಲಿನಿಂದಲೂ ಹಳೆಯ ಪಕ್ಷ. ಮೊದಲ ಮೂರು ಆಲ್ಬಮ್ಮುಗಳಲ್ಲಿ ಕಾಡಿಗೆಯಪ್ಪನ ಕಿರುಚಿಗೆ ಗಾಜು ಒಡೆಯಬೇಕು ಹಾಗಿತ್ತು. ಶವಪೆಟ್ಟಿಗೆಯಿಂದ ಎದ್ದುಬಂದು, ಕಪ್ಪು ನಾಲಿಗೆ ಚಾಚಿ, ಮುಂದಿನ ಸಾಲಿನವರ ಮೇಲೆ ಕೆಂಪು ನೀರು ಎರಚುತ್ತಿದ್ದನಂತೆ. ಓಕುಳಿ ಆಡಿ ಬೆಳೆದ ನಮಗೆ ಕೆಂಪು ನೀರಿನಿಂದ ಏನೂ ಭಯವಾಗಲಿಲ್ಲ. ಆದರೆ ಆ ಕಿರುಚು! ಈಗ ಅವನಿಗೆ ಎಪ್ಪತ್ತು ದಾಟಿದೆ. ಕಾಡಿಗೆ ಇನ್ನೂ ಹಚ್ಚುತ್ತಾನೆ, ಆದರೆ ಸುಕ್ಕಿನೊಳಗೆ ಇಳಿದುಹೋಗುತ್ತದೆ. ಹೊಸ ಆಲ್ಬಮ್ಮುಗಳಲ್ಲಿ ದನಿ ತಗ್ಗಿಸಿ, ಮೆಲ್ಲಗೆ, ತಂಬೂರಿಯ ಹಾಗೆ ಗುಂಯ್ಗುಡುವ ವಾದ್ಯವೊಂದನ್ನು ಇಟ್ಟುಕೊಂಡು ಏನೋ ಗೊಣಗುತ್ತಾನೆ. ನನಗೆ ಅದು ಮಂಡಿನೋವಿನ ಹಾಡು.

ಮಲ್ಲೇಶ ನನಗಿಂತ ಕಟ್ಟಾ ಹಳೆಯ ಪಕ್ಷದವನಾಗಿದ್ದ. ಪಂಪ್‌ಹೌಸಿನ ಮೇಲೆ ಹತ್ತಿ ಕಾಡಿಗೆಯಪ್ಪನ ಹಾಗೆ ಕಿರುಚಿ, ಪಕ್ಕದ ತೋಟದವರು ಯಾರೋ ಬಾವಿಗೆ ಬಿದ್ದರೆಂದು ಹಗ್ಗ ತಂದದ್ದೂ ಉಂಟು. ಅಂಥವನು ಈಚೆಗೆ ಕೆಲವು ವರ್ಷಗಳಿಂದ ಮೆಲ್ಲಗೆ ಬದಲಾಗತೊಡಗಿದ.

“ಹೊಸದೇ ಚೆನ್ನಾಗೈತೆ ಕಣ್ಲಾ.”

“ಯಾವುದು? ಆ ಗೊಣಗಾಟವಾ?”

“ಹ್ಞೂಂ. ಅದೇ.”

ನನಗೆ ಆದ ಸಂಕಟ ಹೇಳತೀರದು. ಒಂದೇ ಪಕ್ಷದಲ್ಲಿ ಕೂತು ಗಡ್ಡ ನರೆಸಿಕೊಂಡ ಮೇಲೆ ಹೀಗೆ ಪಕ್ಷಾಂತರ ಮಾಡಿದರೆ? ನಾನು ಅವನನ್ನು ಬಾಯಿಗೆ ಬಂದಂತೆ ಅಂದೆ. ಅವನೂ ಅಂದ. ಬೇಲೂರಿನ ಹೋಟೆಲಿನ ಸಪ್ಲೈಯರು ನಮ್ಮ ಮೇಜಿಗೆ ನೀರು ಇಡುವಾಗ ಸ್ವಲ್ಪ ದೂರದಿಂದಲೇ ಲೋಟ ತಳ್ಳುವುದನ್ನು ರೂಢಿಸಿಕೊಂಡ. ಪುಟ್ಟರಾಜು ನಡುನಡುವೆ ಪಿಯಾನೋ ಆಲ್ಬಮ್ಮಿನ ಹೆಸರೆತ್ತುತ್ತಿದ್ದ, ನಾವಿಬ್ಬರೂ ಒಟ್ಟಿಗೆ ಅವನ ಮೇಲೆ ಬೀಳುತ್ತಿದ್ದೆವು. ಹೇಳಬೇಕೆಂದರೆ ಅವು ಬಹಳ ಸುಖದ ಭಾನುವಾರಗಳು.

ಹೋದ ವರ್ಷ ಕಾಡಿಗೆಯಪ್ಪನ ಹೊಸ ಆಲ್ಬಮ್ಮು ಬಂತು. ಈಗ ಟ್ರ್ಯಾಕ್ಟರಿನ ಮೇಲೆ ಬರಬೇಕಿಲ್ಲ, ಫೋನಿಗೇ ಬರುತ್ತದೆ. ಆ ತಿಂಗಳು ಮಲ್ಲೇಶನ ಕೊಬ್ಬರಿ ಮನೆಯಲ್ಲಿ ಸೇರಬೇಕಿತ್ತು. ಪುಟ್ಟರಾಜು ಶುಂಠಿ ಕೀಳಿಸುತ್ತಿದ್ದೇನೆಂದು ಬರಲಿಲ್ಲ. ನಾನು ಫೋನೂ ಒಂದು ಸಣ್ಣ ಸ್ಪೀಕರೂ ತೆಗೆದುಕೊಂಡು ಬೆಳಗ್ಗೆಯೇ ಹೋದೆ.

ಕೊಬ್ಬರಿ ಮನೆ ನೋಡದವರಿಗೆ ಒಂದು ಮಾತು. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾಗಿ ಕೂರುತ್ತದೆ. ಆಗ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟಗಿಟ ಅನ್ನುತ್ತದೆ. ಸದ್ದು ಬಂದರೆ ಸುಲಿಯಬಹುದು. ಬರದ ಕಾಯನ್ನು ಸುಲಿದು ಒಡೆದರೆ ತಿರುಳು ಹಸಿ, ಚಿಪ್ಪಿಗೆ ಅಂಟಿಕೊಂಡಿರುತ್ತದೆ, ಉಂಡೆ ಕೊಬ್ಬರಿಗೆ ಬಾರದು, ವರ್ಷದ ಕಾಯುವಿಕೆ ದಂಡ. ನೋಡಿ ಹೇಳುವುದಕ್ಕಾಗದು, ಮೂಸಿ ಹೇಳುವುದಕ್ಕಾಗದು. ಕಿವಿಯೊಂದೇ ದಾರಿ. ಮಲ್ಲೇಶನ ಕಿವಿ ಆ ಬೀದಿಯಲ್ಲೇ ಹೆಸರಾದದ್ದು. ಬೇರೆಯವರ ಅಟ್ಟಕ್ಕೂ ಅವನನ್ನು ಕರೆಯುತ್ತಿದ್ದರು.

ಅವತ್ತು ಅವನು ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ, ಆದದ್ದನ್ನು ಕೆಳಗೆ ಉರುಳಿಸುತ್ತಿದ್ದ. ಕೆಳಗೆ ಅವನ ಹೆಂಡತಿ ಗಿರಿಜ, ಸುಲಿಯುವ ಇಬ್ಬರು ಆಳುಗಳ ಜೊತೆ ಕೂತಿದ್ದಳು. ನಾನು ಕೆಣಕುವುದಕ್ಕೆಂದೇ ಹೊಸದನ್ನು ಬಿಟ್ಟು ಹಳೆಯ ಮೊದಲ ಆಲ್ಬಮ್ಮು ಹಾಕಿದೆ. ಅದು ಶುರುವಾಗುವುದೇ ಕಿರುಚಿನಿಂದ. ಡ್ರಮ್ಮಿಲ್ಲ, ಗಿಟಾರಿಲ್ಲ, ಬರಿಯ ಒಂದು ಚೂಪು ಕಿರುಚು ಏರುತ್ತಾ ಏರುತ್ತಾ ಹೋಗುತ್ತದೆ. ಆಳುಗಳಲ್ಲೊಬ್ಬ ಮಚ್ಚು ಕೆಳಗಿಟ್ಟು ಕಿವಿ ಮುಚ್ಚಿಕೊಂಡ.

ಆ ಕಿರುಚಿನ ನಟ್ಟನಡುವೆ ಮೇಲಿನಿಂದ ಮಲ್ಲೇಶ ಕೂಗಿದ, “ಏನ್ಲಾ ಸೋಮ, ಹಾಡು ಹಾಕ್ತೀನಿ ಅಂತ ಬಂದು ಸುಮ್ನೆ ಕುಂತಿದ್ದೀಯಲ್ಲ! ಹಾಕ್ಲಾ!”

ನಾನು ಇದು ಹೊಸ ಬಗೆಯ ಗೇಲಿ ಎಂದುಕೊಂಡೆ. ಹಳೆಯದು ಹಾಡೇ ಅಲ್ಲ ಎಂದು ಹೀಗೆ ಚುಚ್ಚುತ್ತಿದ್ದಾನೆ! ತಕ್ಕ ಉತ್ತರಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಗಿರಿಜ ಒಡೆದ ಒಂದು ಕಾಯನ್ನು ನನ್ನ ಮುಂದೆ ಹಿಡಿದಳು. ಒಳಗೆ ತಿರುಳು ಬೆಳ್ಳಗೆ, ಹಸಿಯಾಗಿ ಚಿಪ್ಪಿಗೆ ಕಚ್ಚಿಕೊಂಡಿತ್ತು. ಪಕ್ಕದಲ್ಲಿ ಅಂಥವೇ ಇನ್ನಷ್ಟು ಇದ್ದವು. ಅವಳು ಅವನ್ನು ಸೆರಗಿನ ಮರೆಯಲ್ಲಿ ಬುಟ್ಟಿಗೆ ಹಾಕಿ ಮೇಲೊಂದು ಗೋಣಿಚೀಲ ಮುಚ್ಚಿದಳು.

ಮಲ್ಲೇಶ ಇಳಿದು ಹಿತ್ತಲಿಗೆ ಕೈ ತೊಳೆಯಲು ಹೋದಾಗ ಅವಳು ಮೆಲ್ಲಗೆ ಹೇಳಿದಳು. “ಸೋಮಣ್ಣ, ಇವ್ರಿಗೆ ಕಿವಿ ಮಂದ ಆಗ್ತಾ ಐತೆ. ಎರಡು ವರ್ಷದ ಮೇಲಾಯ್ತು. ಕುಕ್ಕರ್ ಕೂಗಿದ್ದೇ ಗೊತ್ತಾಗಲ್ಲ. ದಪ್ಪ ದನಿ ಕೇಳ್ತದೆ, ಸಣ್ಣ ದನಿ ಕೇಳಲ್ಲ. ಕಾಯಿನೂ ಅಂದಾಜಿನ ಮೇಲೆ ಉರುಳಿಸ್ತಾರೆ. ಕೇಳಿದ್ರೆ ರೇಗ್ತಾರೆ. ಮಾಲೇಕಲ್ಲು ದೇವ್ರಿಗೆ ಹರಕೆ ಹೊತ್ತಿದ್ದೀನಿ, ಬೆಟ್ಟನೂ ಹತ್ತಿಬಂದೆ. ಹಾಸನಕ್ಕೆ ಹೋಗಿ ತೋರ್ಸಣ ಅಂದ್ರೆ, ಕೊಬ್ಬರಿ ಮಲ್ಲೇಶ ಕಿವುಡ ಅಂತ ಮಾರ್ಕೆಟ್ಟಲ್ಲಿ ಗೊತ್ತಾದ್ರೆ ಯಾರು ಕರೀತಾರೆ ಅಂತಾರೆ.”

ನಾನು ಸ್ಪೀಕರ್ ನಿಲ್ಲಿಸಿದೆ.

ನಾನು ಪ್ರತಿ ವರ್ಷ ಹಳೇಬೀಡಿನ ಹತ್ತಿರದ ಹೈಸ್ಕೂಲಿನಲ್ಲಿ ಶಬ್ದದ ಪಾಠ ಮಾಡುತ್ತೇನೆ. ವಯಸ್ಸಾದಂತೆ ಮೊದಲು ಹೋಗುವುದು ತಾರಕದ ದನಿಗಳು ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ, ಅದರ ಕೆಳಗೆ ಗೆರೆ ಎಳೆಯುತ್ತೇನೆ. ಗೆಳೆಯ ಫೋನ್ ಮಾಡಿದರೆ ಎತ್ತದೆ ಮೆಸೇಜು ಹಾಕುತ್ತಿದ್ದದ್ದು, ಹೋಟೆಲಿನಲ್ಲಿ ಯಾವಾಗಲೂ ಗೋಡೆಗೆ ಬೆನ್ನು ಕೊಟ್ಟು ನಮ್ಮ ಬಾಯನ್ನೇ ನೋಡುತ್ತಾ ಕೂರುತ್ತಿದ್ದದ್ದು, ತಮಾಷೆಗೆ ಎಲ್ಲರೂ ನಕ್ಕಾದ ಮೇಲೆ ತಾನು ನಗುತ್ತಿದ್ದದ್ದು, ಇದೆಲ್ಲ ಕೊಬ್ಬರಿ ವ್ಯಾಪಾರದ ಜಂಬ ಎಂದು ತಿಳಿದುಕೊಂಡಿದ್ದೆ. ಪಕ್ಷಾಂತರದ ಗುಟ್ಟೂ ಆಗ ಹೊಳೆಯಿತು. ಹಳೆಯ ಕಾಡಿಗೆಯಪ್ಪನ ಕಿರುಚು ಅವನ ಪಾಲಿಗೆ ಇಲ್ಲವಾಗಿದೆ. ಹೊಸ ಕಾಡಿಗೆಯಪ್ಪನ ಗೊಣಗಾಟ ದಪ್ಪ ದನಿ, ಅದು ಕೇಳುತ್ತದೆ. ಪಾಪ, ಕೇಳಿಸುವುದನ್ನೇ ಚೆನ್ನಾಗಿದೆ ಅನ್ನುತ್ತಿದ್ದಾನೆ! ಇವನ ಮೇಲೆ ಇಷ್ಟು ದಿನ ಹರಿಹಾಯ್ದೆನಲ್ಲ ಎಂದು ಮನಸ್ಸು ಕಲಕಿಹೋಯಿತು. ಇನ್ನು ಇವನ ಜೊತೆ ಜಗಳವಾಡುವುದಿಲ್ಲವೆಂದು ಅಲ್ಲೇ ನಿರ್ಧಾರ ಮಾಡಿದೆ. ಒಳ್ಳೆಯವನಾಗಬೇಕೆಂದು ಹೊರಟಾಗಲೇ ನಾನು ಸಾಮಾನ್ಯವಾಗಿ ಎಡವುವುದು.

ಮುಂದಿನ ತಿಂಗಳು ಬೇಲೂರಿನಲ್ಲಿ ಸೇರಿದೆವು. ದೋಸೆ ಬರುವ ಮೊದಲೇ ಮಲ್ಲೇಶ ಶುರುಮಾಡಿದ. “ಹೊಸಾ ಆಲ್ಬಮ್ ಕೇಳ್ದೇನ್ಲಾ? ಹಳೇ ಮೂರನ್ನೂ ಸೇರ್ಸಿದ್ರೂ ಇದ್ರ ಒಂದು ಹಾಡಿಗೆ ಸಾಟಿಯಿಲ್ಲ.” ಹೇಳಿ, ಯುದ್ಧಕ್ಕೆ ಸಿದ್ಧನಾಗಿ ತೋಳು ಮಡಿಸಿ ನನ್ನ ಬಾಯಿ ನೋಡಿದ.

“ಹೌದು ಕಣೋ” ಎಂದೆ ನಾನು, ಗಟ್ಟಿಯಾಗಿ, ಬಿಡಿಬಿಡಿಸಿ. “ನೀನು ಹೇಳೋದೇ ಸರಿ. ಹೊಸದೇ ಚೆನ್ನಾಗಿದೆ.”

ಪುಟ್ಟರಾಜುವಿನ ಕೈಯ ದೋಸೆ ಅರ್ಧದಲ್ಲೇ ನಿಂತಿತು. ಅವನಿಗೆ ಏನೂ ಗೊತ್ತಿರಲಿಲ್ಲ. “ಹುಷಾರಾಗಿದ್ದೀಯ ತಾನೆ?” ಎಂದು ನನ್ನ ಹಣೆ ಮುಟ್ಟಿ ನೋಡಿದ. ಮಲ್ಲೇಶ ಮಡಿಸಿದ ತೋಳು ಸಡಿಲಿಸಿದ. ನನ್ನನ್ನೇ ನೋಡಿದ, ಆಮೇಲೆ ಕಿಟಕಿಯ ಕಡೆ ನೋಡಿದ. ನಾನು ಇನ್ನೂ ಉಪಕಾರ ಮಾಡೋಣವೆಂದು, ಹಳೆಯದರಲ್ಲಿ ಬರಿ ಗಲಾಟೆ, ನನಗೂ ಈಚೆಗೆ ಬೇಸರವಾಗಿದೆ, ಇತ್ಯಾದಿ ಹೇಳಿದೆ. ಅವನು ಕಾಫಿ ಅರ್ಧಕ್ಕೇ ಬಿಟ್ಟು, ತೋಟದಲ್ಲಿ ಕೆಲಸ ಐತೆ ಎಂದು ಎದ್ದುಹೋದ.

ಅದರ ಮುಂದಿನ ತಿಂಗಳ ಭಾನುವಾರಕ್ಕೆ ಅವನು ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಮೆಸೇಜು ಹಾಕಿದರೆ ಹೆಬ್ಬೆರಳಿನ ಚಿತ್ರ ಒಂದು ಬರುತ್ತಿತ್ತು, ಅಷ್ಟೇ. ಮಾರ್ಕೆಟ್ಟಿನ ಹತ್ತಿರ ಒಮ್ಮೆ ಕಂಡವನು ಸ್ಕೂಟರು ತಿರುಗಿಸಿಕೊಂಡು ಬೇರೆ ಬೀದಿಗೆ ಹೋದ. ಪುಟ್ಟರಾಜುವೂ ನಾನೂ ಇಬ್ಬರೇ ಕೂತು ಪಿಯಾನೋ ಆಲ್ಬಮ್ಮು ಕೇಳಿದೆವು. ಅದು ನಿಜವಾಗಿಯೂ ಕೆಟ್ಟದಾಗಿದೆ. ಬೈಯಬೇಕೆಂದರೂ ಉತ್ಸಾಹ ಬರಲಿಲ್ಲ. ಇಷ್ಟು ವರ್ಷದ ಗೆಳೆತನ ಹೀಗೆ ಹೆಬ್ಬೆರಳಿನ ಚಿತ್ರದಲ್ಲಿ ಮುಗಿದುಹೋಗುತ್ತದೇನೋ ಎಂದು ನನಗೆ ದಿಗಿಲಾಯಿತು. ಶಾಲೆಯಿಂದ ಬರುವಾಗ ಬಸ್ಸಿನಲ್ಲಿ ಕೂತು, ಎಲ್ಲಿ ತಪ್ಪಿದೆ ಎಂದು ಯೋಚಿಸುತ್ತಿದ್ದೆ. ಅವನನ್ನು ನೋಯಿಸುವ ಒಂದು ಮಾತೂ ಆಡಿರಲಿಲ್ಲವಲ್ಲ!

ಹೋದ ತಿಂಗಳು ಒಂದು ಮಧ್ಯಾಹ್ನ ಊಟವಾಗಿ ಅಡ್ಡಾಗಿದ್ದೆ. ಬಾಗಿಲಲ್ಲಿ ಪುಷ್ಪಳ ದನಿ ಕೇಳಿತು, “ಬನ್ನಿ ಮಲ್ಲೇಶಣ್ಣ, ಎಷ್ಟು ದಿನ ಆಯ್ತು!” ನಾನು ಎದ್ದು ಬರುವಷ್ಟರಲ್ಲಿ ಅವನು ಒಳಗೆ ಬಂದು ಕುರ್ಚಿಯಲ್ಲಿ ಕೂತಿದ್ದ. ಎಡಗಿವಿಯ ಹಿಂದೆ, ಬಲಗಿವಿಯ ಹಿಂದೆ, ಹುರುಳಿಕಾಳಿನ ಬಣ್ಣದ ಪುಟ್ಟ ಮಿಷನ್ನುಗಳು.

“ಹಾಸನದಲ್ಲಿ ಹಾಕಿಸ್ಕೊಂಡೆ” ಎಂದ. “ಎಲ್ಲಾ ತಗಡು ಬಡಿದಂಗೆ ಕೇಳ್ತದೆ. ಪೇಪರ್ ಮಡಿಸಿದ್ರೆ ಒಗ್ಗರಣೆ ಹಾಕಿದಂಗೆ. ಗಿರಿಜ ಇಷ್ಟು ಜೋರಾಗಿ ಮಾತಾಡ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ಕಾಯಿ?” ಎಂದೆ.

“ಕೇಳ್ತದೆ. ಮೊದ್ಲಿನಷ್ಟಿಲ್ಲ. ಸುಮಾರಾಗಿ ಕೇಳ್ತದೆ.” ಅದನ್ನು ಹೇಳುವಾಗ ಅವನ ಮುಖ ಬಿಚ್ಚಿಕೊಂಡಿತು. ಕೂಡಲೇ ಗಂಟಿಕ್ಕಿತು. “ಹಾಕ್ಲಾ. ಹಳೇದು ಹಾಕು. ಮೊದ್ಲನೇದು.”

ನಾನು ಹಾಕಿದೆ. ಕಿರುಚು ಏರತೊಡಗಿತು. ಪುಷ್ಪ ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಮಲ್ಲೇಶ ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯೂರಿ ಕೂತ. ಅವನ ಮುಖವನ್ನೇ ನೋಡುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಅವನಿಗೆ ಆ ದನಿ ಸಿಗುತ್ತಿತ್ತು. ಅತ್ತರೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಎರಡು ಮಾತು ಜೋಡಿಸಿಟ್ಟುಕೊಂಡೆ. ಒಂದು ಹಾಡು, ಎರಡು ಹಾಡು, ಇಡೀ ಆಲ್ಬಮ್ಮು ಮುಗಿಯಿತು. ಅವನು ಅಳಲಿಲ್ಲ.

“ಈಗ ಹೊಸದು ಹಾಕು.”

ಅದನ್ನೂ ಪೂರ್ತಿ ಕೇಳಿದ. ಪುಷ್ಪ ಕಾಫಿ ತಂದಿಟ್ಟು ಹೋದಳು. ಮುದುಕ ಕಾಡಿಗೆಯಪ್ಪ ತಗ್ಗಿದ ದನಿಯಲ್ಲಿ ಕೊನೆಯ ಹಾಡು ಗೊಣಗಿ ನಿಲ್ಲಿಸಿದ. ಮಲ್ಲೇಶ ಕಣ್ಣು ತೆರೆದ.

“ಹೊಸದೇ ಚೆನ್ನಾಗೈತೆ” ಎಂದ.

ನಾನು ಕಾಫಿ ಲೋಟವನ್ನು ಅವನ ಕಡೆ ಸರಿಸಿದೆ.

“ಕಿವಿ ಕೇಳಲ್ಲ, ಅದಕ್ಕೇ ಹೊಸದು ಮೆಚ್ತಾವ್ನೆ ಅಂದ್ಕಂಡೆ, ಅಲ್ವಾ? ಗಿರಿಜ ನಿಂಗೆ ಹೇಳ್ಬುಟ್ಟವ್ಳೆ ಅಂತ ಬೇಲೂರಲ್ಲೇ ನಂಗೆ ಗೊತ್ತಾಯ್ತು. ನಂದು ಕಿವಿ ಹೋಗಿತ್ತು ಕಣ್ಲಾ, ಬುದ್ಧಿ ಹೋಗಿರ್ಲಿಲ್ಲ.” ಅವನು ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡ. “ಕಾಯಿ ಹಸಿ ಬಂದಾಗ ನಂಗೆ ಅಷ್ಟು ಹೆದ್ರಿಕೆ ಆಗಿರ್ಲಿಲ್ಲ. ನೀನು ‘ಹೌದು ಕಣೋ, ನೀನು ಹೇಳೋದೇ ಸರಿ’ ಅಂದ್ಯಲ್ಲ, ಆವಾಗ ಆಯ್ತು. ಮುಗೀತು, ಇನ್ನು ನನ್ನ ಲೆಕ್ಕಕ್ಕೇ ತಗಳಲ್ಲ ಇವ್ನು ಅನ್ನಿಸ್ತು. ಸತ್ತೋರ ಮುಂದೆ ಹಂಗೆ ಮಾತಾಡ್ತಾರೆ.”

ಹೊರಗೆ ಯಾವುದೋ ಆಟೋ ಹಾರ್ನ್ ಹೊಡೆಯಿತು. ಅವನು ಮುಖ ಕಿವುಚಿ ಮಿಷನ್ನು ಸರಿಮಾಡಿಕೊಂಡ. ನಾನು ಅವನ ಮೊಣಕೈ ಹಿಡಿದುಕೊಂಡೆ. “ಆಗ ಹೇಳಿದ್ದು ಸುಳ್ಳು ಕಣೋ” ಎಂದೆ. “ಹೊಸದು ನಂಗೆ ಒಂದು ಚೂರೂ ಹಿಡಿಸಿಲ್ಲ.”

“ಅದು ನಂಗೆ ಗೊತ್ತು. ಯಾಕೆ ಹಿಡಿಸಿಲ್ಲ ಅಂತ ಹೇಳು.”

“ನೀನು ಯಾಕೆ ಹಿಡಿಸ್ತು ಅಂತ ಮೊದಲು ಹೇಳು.”

ಅವನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಯೋಚಿಸಿದ. “ಆವಾಗ ಅವ್ನು ನಮ್ಮನ್ನ ಹೆದರ್ಸಕ್ಕೆ ಕಿರುಚ್ತಿದ್ದ. ಈಗ ಅವ್ನೇ ಹೆದರ್ಕಂಡವ್ನೆ. ಹೆದರ್ಕಂಡೂ ಹಾಡ್ತಾವ್ನೆ. ಕೇಳು, ಕೊನೇ ಹಾಡಲ್ಲಿ ಉಸಿರು ಎಳ್ಕಳದು ಕೇಳ್ತದೆ. ಮುಚ್ಚಿಟ್ಟಿಲ್ಲ ಅದನ್ನ. ನಾನಾಗಿದ್ರೆ ಮುಚ್ಚಿಡ್ತಿದ್ದೆ.”

ನಿಜ ಹೇಳುತ್ತೇನೆ, ಆ ಹಾಡಿನಲ್ಲಿ ಉಸಿರಿನ ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎರಡೂ ಕಿವಿ ನೆಟ್ಟಗಿರುವ ನಾನು ಅದನ್ನು ಪೂರ್ತಿ ಕೇಳಿಯೇ ಇರಲಿಲ್ಲ. ಅವನಿಗೆ ಒಳ್ಳೆಯ ಮಾತೊಂದು ಹೇಳಬೇಕೆನ್ನಿಸಿತು. ಆದರೆ ಒಳ್ಳೆಯ ಮಾತಿನಿಂದ ಒಮ್ಮೆ ಆದದ್ದು ಸಾಕಾಗಿತ್ತು.

“ಹೆದರಿಕೆಯಾದರೆ ಮನೇಲಿ ಹೊದ್ದು ಮಲಗಲಿ” ಎಂದೆ. “ಶ್ರುತಿ ತಪ್ಪಿ ಹಾಡಿ ನಮ್ಮ ಕಿವಿಗೆ ಯಾಕೆ ಸುರೀಬೇಕು? ಮೂರನೇ ಹಾಡಿನಲ್ಲಿ ದನಿ ಹೇಗೆ ಒಡೀತದೆ ನೋಡು! ಮೊದಲಿನವನಾಗಿದ್ದರೆ ಅಲ್ಲಿ ಒಂದು ಕಿರುಚು ಕಿರುಚಿ...”

ಮಲ್ಲೇಶನ ಮುಖ ಅ‌ರಳಿತು. ಕುರ್ಚಿಯಲ್ಲಿ ಸರಿಯಾಗಿ ಕೂತ. ಎಡಗೈ ಎತ್ತಿ ಎಡಗಿವಿಯ ಮಿಷನ್ನು ತೆಗೆದ, ಬಲಗೈ ಎತ್ತಿ ಬಲಗಿವಿಯದನ್ನೂ ತೆಗೆದ. ಎರಡನ್ನೂ ಜೋಪಾನವಾಗಿ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

“ಹ್ಞೂಂ” ಎಂದ, “ಈಗ ಹೇಳು ನಿನ್ನ ವಾದ.”